ಊರಿನವರೇ ಕಾಮೆಂಟ್ ಹಾಕಿದಾಗ

(ಚಿಕ್ಕಮಗಳೂರಿನಲ್ಲಿ ವಿಡಿಯೊ, ರೀಲ್ಸ್ ಮಾಡುವ ಯುವಕ ಯುವತಿಯರ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಟ್ಟ ಕಾಮೆಂಟುಗಳ ಬಗ್ಗೆ ಎಲ್ಲ ಕಡೆಯೂ ಸಿಗುವ ಸಲಹೆ ಒಂದೇ: ‘ತಲೆ ಕೆಡಿಸ್ಕೋಬೇಡಿ, ಇಗ್ನೋರ್ ಮಾಡಿ.’ ಹತ್ತು ಲಕ್ಷ ಸಬ್‌ಸ್ಕ್ರೈಬರ್ ಇರುವ ಬೆಂಗಳೂರಿನವರೋ ಮುಂಬಯಿಯವರೋ ಈ ಮಾತು ಹೇಳಿದರೆ ಒಪ್ಪಬಹುದು. ಅವರನ್ನು ಬೈಯುವವನು ಯಾರೋ, ಎಲ್ಲಿಯವನೋ. ಫೋನ್ ಮಗುಚಿಟ್ಟರೆ ಅವನೂ ಇಲ್ಲ, ಅವನ ಬೈಗುಳವೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಕೂತು ವಿಡಿಯೊ ಮಾಡುವವರ ಪಾಡು ಹಾಗಲ್ಲ. ಬಾಳೆಹೊನ್ನೂರಿನ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಚಾನೆಲ್ ಶುರು ಮಾಡಿದಳು ಅನ್ನಿ. ಮೊದಲು ನೋಡುವವರು ಯಾರು? ಅವಳ ಅಪ್ಪನ ಹತ್ತಿರ ಕಾಫಿ ಬೀಜ ಕೊಳ್ಳುವವರು, ಹೈಸ್ಕೂಲಿನ ಮೇಷ್ಟ್ರು, ಅತ್ತೆ ಮಗಳು, ಅತ್ತೆ ಮಗಳ ಗಂಡನ ತಮ್ಮ. ಇವರಲ್ಲೊಬ್ಬರು ಬರೆದ ಕಾಮೆಂಟು ಫೋನಿನೊಳಗೆ ಸುಮ್ಮನೆ ಬಿದ್ದಿರುವುದಿಲ್ಲ. ಎದ್ದು ಹೊರಡುತ್ತದೆ. ಹಾಲಿನ ಡೇರಿಗೆ ಹೋಗುತ್ತದೆ, ಸೊಸೈಟಿಗೆ ಹೋಗುತ್ತದೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂರುತ್ತದೆ. ಅಲ್ಲಿಂದ ನಿಮ್ಮ ಅಮ್ಮನ ಕಿವಿಗೆ ಬಂದು ತಲುಪುತ್ತದೆ. ನೀವು ಇಗ್ನೋರ್ ಮಾಡಬಹುದು. ಅಮ್ಮ ಎಲ್ಲಿಂದ ಮಾಡಬೇಕು?

ಅದಕ್ಕೇ ನಾನು ಇವತ್ತು ಅಪರಿಚಿತರ ಬೈಗುಳಕ್ಕಿಂತ ಪರಿಚಿತರ ಮಾತಿನ ಬಗ್ಗೆ ಹೆಚ್ಚು ಹೇಳುತ್ತೇನೆ.

ಮೂಡಿಗೆರೆ ಕಡೆಯ ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಅಡುಗೆ ವಿಡಿಯೊ ಮಾಡುತ್ತಾಳೆ. ಅಕ್ಕಿರೊಟ್ಟಿಯ ಒಂದು ವಿಡಿಯೊ. ಬೆಳಗಿನ ಹೊತ್ತು, ಒಲೆ ಮುಂದೆ ಕೂತಿದ್ದಾಳೆ. ಕಾವಲಿಯಿಂದ ತೆಗೆದ ರೊಟ್ಟಿಯನ್ನು ಕೆಂಡದ ಮೇಲೆ ಹಾಕಿ, ಅದು ಉಬ್ಬಿ ಬರುವುದನ್ನು ಚೆನ್ನಾಗಿ ತೋರಿಸಿದ್ದಾಳೆ. ಉಟ್ಟಿದ್ದು ನೈಟಿ, ಮೇಲೊಂದು ಟವೆಲ್. ನಮ್ಮ ಕಡೆ ಬೆಳಗ್ಗೆ ಎಲ್ಲರ ಮನೆಯಲ್ಲೂ ಕಾಣುವ ವೇಷ. ಕೆಳಗೆ ಒಬ್ಬ ಬರೆದ: ‘ಕ್ಯಾಮೆರಾ ಮುಂದೆ ನೈಟಿನಾ? ಮನೇಲಿ ಗಂಡಸರು ಇಲ್ವಾ?’ ಅವಳು ಓದಿ ನಕ್ಕಳು. ಸ್ಕ್ರೀನ್‌ಶಾಟ್ ನನಗೂ ಕಳಿಸಿದಳು, ನಾನೂ ನಕ್ಕೆ.

ಮಾರನೇ ದಿನ ಅವಳ ಮಾವ ಹಾಲು ಹಾಕಲು ಡೇರಿಗೆ ಹೋಗಿದ್ದಾರೆ. ಅಲ್ಲಿ ದಾಯಾದಿ ಹುಡುಗನೊಬ್ಬ, ‘ಏನ್ ದೊಡ್ಡಪ್ಪ, ಸೊಸೆ ಭಾರೀ ಫೇಮಸ್ ಆಗ್ಬಿಟ್ಟಿದ್ದಾರೆ!’ ಅಂದ. ಇಷ್ಟೇ. ಸುತ್ತ ಇದ್ದ ನಾಲ್ಕು ಜನ ನಕ್ಕರು. ಮಾವ ಮನೆಗೆ ಬಂದು ಕ್ಯಾನ್ ಇಟ್ಟು, ಏನೂ ಹೇಳದೆ ತೋಟಕ್ಕೆ ಹೋದರು. ಸಂಜೆ ಅತ್ತೆ, ‘ಅದೆಂತದೇ ವಿಡಿಯೊ, ಸಾಕು ಇನ್ನು’ ಅಂದರು. ಅವಳು ರಾತ್ರಿ ಫೋನ್ ಮಾಡಿ ಅತ್ತಿದ್ದು ಇದಕ್ಕೆ. ನೈಟಿ ಕಾಮೆಂಟಿಗಲ್ಲ.

ನೋಡಿ, ಡೇರಿಯಲ್ಲಿ ಹೇಳಿದ ಮಾತಿನಲ್ಲಿ ಒಂದೇ ಒಂದು ಕೆಟ್ಟ ಪದ ಇಲ್ಲ. ಮೇಲುನೋಟಕ್ಕೆ ಹೊಗಳಿಕೆ. ಇದನ್ನು ಹಿಡಿಯುವ ಫಿಲ್ಟರ್ ಯಾವ ಕಂಪನಿಯ ಹತ್ತಿರವೂ ಇಲ್ಲ. ರಿಪೋರ್ಟ್ ಬಟನ್ ಇಲ್ಲ, ಬ್ಲಾಕ್ ಇಲ್ಲ. ಬ್ಲಾಕ್ ಮಾಡೋಣ ಅಂದರೆ ಅವನ ಮನೆ ಗೃಹಪ್ರವೇಶ ಮುಂದಿನ ತಿಂಗಳು, ಹೋಗಲೇಬೇಕು.

ಅವಳು ಏನು ಮಾಡಿದಳು ಅಂತ ಹೇಳುತ್ತೇನೆ. ಎರಡು ದಿನ ಬಿಟ್ಟು ಅತ್ತೆ ಮಾವ ಇಬ್ಬರನ್ನೂ ಕೂರಿಸಿ, ಆ ವಿಡಿಯೊದ ಕಾಮೆಂಟುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಹೇಳಿದಳು. ಒಳ್ಳೆಯದನ್ನು ಮಾತ್ರ ಆರಿಸಲಿಲ್ಲ, ನೈಟಿಯದನ್ನೂ ಓದಿದಳು. ನಡುವೆ ಗಲ್ಫಿನಲ್ಲಿರುವ ಯಾರೋ ಒಬ್ಬರು, ‘ನಮ್ಮಮ್ಮ ಹೀಗೇ ಕೆಂಡದ ಮೇಲೆ ಹಾಕ್ತಿದ್ರು, ಅವರು ಹೋದ ಮೇಲೆ ಇವತ್ತೇ ನೋಡಿದ್ದು’ ಅಂತ ಬರೆದಿದ್ದರು. ಅದನ್ನು ಅತ್ತೆ ಎರಡು ಸಲ ಓದಿಸಿದರಂತೆ. ನೈಟಿಯ ಕಾಮೆಂಟು ಬಂದಾಗ ಮಾವ, ‘ಇವನ್ಯಾರು, ಮುಖಾನೇ ಇಲ್ವಲ್ಲ’ ಅಂದರಂತೆ. ಅವರಿಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಡೇರಿಯ ನಗು ಮಾತ್ರ. ವಿಡಿಯೊವನ್ನೇ ಅವರು ನೋಡಿರಲಿಲ್ಲ! ಆಮೇಲೆ ಆ ದಾಯಾದಿ ಇನ್ನೊಂದು ಸಲ ಅದೇ ಧಾಟಿಯಲ್ಲಿ ಶುರು ಮಾಡಿದಾಗ ಮಾವನೇ, ‘ಹೂಂ ಕಣೊ, ನಿನ್ ಹೆಂಡ್ತೀನೂ ದಿನಾ ನೋಡ್ತಾಳಂತಲ್ಲ’ ಅಂದರು. ಅಲ್ಲಿಗೆ ಅದು ನಿಂತಿತು.

ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಕೊಪ್ಪದ ಕಡೆಯ ಇನ್ನೊಬ್ಬಳು ಇದೇ ಕಾರಣಕ್ಕೆ ಚಾನೆಲ್ ಮುಚ್ಚಿದಳು, ಬಹಳ ಚೆನ್ನಾಗಿ ಮಾಡುತ್ತಿದ್ದಳು. ಆದರೆ ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ, ಮನೆಯವರಿಗೆ ಕೆಟ್ಟ ಮಾತು ಮೊದಲು ನಿಮ್ಮ ಬಾಯಿಂದ ತಿಳಿಯಬೇಕು, ಡೇರಿಯಿಂದಲ್ಲ. ಮುಚ್ಚಿಟ್ಟರೆ ಅದು ಹೊರಗಿನಿಂದ ಬರುವಾಗ ಎರಡು ಪಟ್ಟಾಗಿರುತ್ತದೆ.

ಇನ್ನು ಆ ಕಾಮೆಂಟ್ ಬರೆದವರು ಯಾರು ಅಂತ ಗುರುತು ಹಿಡಿಯುವ ಚಟ. ನಮ್ಮಲ್ಲಿ ಇದು ಬಹಳ. ಫೇಕ್ ಐಡಿ ಆಗಿದ್ದರೂ ಮಾತಿನ ಧಾಟಿಯಲ್ಲೇ ಗೊತ್ತಾಗಿಬಿಡುತ್ತದೆ, ‘ಇದು ನಮ್ಮ ಚಿಕ್ಕಮ್ಮನ ಮಗಂದೇ’ ಅಂತ. ಇರಬಹುದು. ಆದರೂ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಅವರ ಮನೆ ಬಾಗಿಲಿಗೆ ಹೋಗಬೇಡಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗಂತೂ ಹಾಕಲೇಬೇಡಿ. ನಿಮ್ಮ ಊಹೆ ತಪ್ಪಾಗಿದ್ದರೆ ಸಂಬಂಧ ಹೋಯಿತು. ಸರಿಯಾಗಿದ್ದರೆ ಅವರು ಒಪ್ಪಿಕೊಳ್ಳುವುದಿಲ್ಲ, ಆಗಲೂ ಸಂಬಂಧ ಹೋಯಿತು. ನನಗೆ ಅನುಮಾನ ಇರುವವರಿಗೆ ನಾನು ಬೇರೆ ಯಾವುದಾದರೂ ವಿಷಯಕ್ಕೆ ಫೋನ್ ಮಾಡುತ್ತೇನೆ. ಮೆಣಸಿನ ರೇಟು ಎಷ್ಟಾಯ್ತು, ಅತ್ತೆ ಮಂಡಿನೋವು ಹೇಗಿದೆ ಅಂತ. ಎದುರಿಗೆ ಮಾತಾಡಿದವರ ಮೇಲೆ ಮತ್ತೆ ರಾತ್ರಿ ಕೂತು ಹಾಗೆ ಬರೆಯುವುದು ಸ್ವಲ್ಪ ಕಷ್ಟ.

ಇದರ ಹಿಂದೆ ಒಂದು ಕಾರಣವೂ ಇದೆ. ಜಾನ್ ಸುಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2004ರಲ್ಲೇ ಒಂದು ಲೇಖನದಲ್ಲಿ, ಎದುರಿಗೆ ಆಡದ ಮಾತನ್ನು ಜನ ಪರದೆಯ ಮೇಲೆ ಯಾಕೆ ಆಡಿಬಿಡುತ್ತಾರೆ ಅಂತ ವಿವರಿಸಿದ್ದರು. ಆಗ ರೀಲ್ಸ್ ಇರಲಿಲ್ಲ, ಯೂಟ್ಯೂಬೂ ಹುಟ್ಟಿರಲಿಲ್ಲ. ಹೆಸರು ಮುಚ್ಚಿಡಬಹುದು ಎನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು ಮಾತ್ರ. ಎದುರಿನವರ ಮುಖ ಕಾಣುವುದಿಲ್ಲ ಎನ್ನುವುದು ಇನ್ನೊಂದು. ಹೇಳಿ ಎದ್ದು ಹೋಗಬಹುದು, ಉತ್ತರ ಬರುವವರೆಗೆ ಕಾಯಬೇಕಿಲ್ಲ ಎನ್ನುವುದು ಮತ್ತೊಂದು. ನಮ್ಮ ಊರುಗಳಲ್ಲಿ ಬೈಯುವವರು ಎಷ್ಟೋ ಜನ ಸ್ವಂತ ಹೆಸರಲ್ಲೇ, ಮಗುವನ್ನು ಎತ್ತಿಕೊಂಡ ಫೋಟೊ ಹಾಕಿಕೊಂಡೇ ಬೈಯುತ್ತಾರೆ. ಹೆಸರು ಮರೆಯಾದದ್ದಕ್ಕಿಂತ ಮುಖ ಮರೆಯಾದದ್ದು ಹೆಚ್ಚು ಕೆಲಸ ಮಾಡುತ್ತದೆ ಅಂತ ನನಗೆ ಅನ್ನಿಸುವುದು ಅದಕ್ಕೇ. ಸುಲರ್ ಇನ್ನೊಂದು ಮಾತನ್ನೂ ಸೇರಿಸಿದ್ದರು: ಇದೇ ಕಾರಣಗಳಿಂದ ಜನ ಎದುರಿಗೆ ಹೇಳಲಾಗದ ಪ್ರೀತಿಯನ್ನೂ ದುಃಖವನ್ನೂ ಅಲ್ಲಿ ಹೇಳಿಕೊಳ್ಳುತ್ತಾರೆ. ಗಲ್ಫಿನ ಆ ಮನುಷ್ಯ ತನ್ನ ಅಮ್ಮನ ವಿಷಯವನ್ನು ಪಕ್ಕದ ರೂಮಿನವನಿಗೆ ಹೇಳಿದ್ದನೋ ಇಲ್ಲವೋ.

ಹಾಗಾದರೆ ನೂರು ಒಳ್ಳೆಯ ಮಾತಿನ ನಡುವೆ ಒಂದು ಕೆಟ್ಟದ್ದೇ ಯಾಕೆ ಕುತ್ತುತ್ತದೆ? ನಿಮ್ಮ ಮನಸ್ಸು ದುರ್ಬಲ ಅಂತಲ್ಲ. ಕೆಟ್ಟದ್ದು ಒಳ್ಳೆಯದಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ, ಅಲ್ಲಿಯವರೆಗೆ ನಡೆದಿದ್ದ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೋರಿಸಿದರು. ಮನುಷ್ಯರ ಮನಸ್ಸು ಇರುವುದೇ ಹಾಗೆ. ಯೂಟ್ಯೂಬ್ ಕಂಪನಿಗೂ ಇದು ಗೊತ್ತು. 2021ರ ನವೆಂಬರಿನಲ್ಲಿ ಅವರು ಡಿಸ್‌ಲೈಕ್ ಎಷ್ಟು ಬಿದ್ದಿದೆ ಅನ್ನುವ ಸಂಖ್ಯೆಯನ್ನು ನೋಡುಗರಿಂದ ಮರೆ ಮಾಡಿದಾಗ ಕೊಟ್ಟ ಕಾರಣಗಳಲ್ಲಿ, ಸಣ್ಣ ಚಾನೆಲ್‌ಗಳ ಮೇಲೆ ಗುಂಪು ಕಟ್ಟಿಕೊಂಡು ಡಿಸ್‌ಲೈಕ್ ಒತ್ತುವವರ ಕಾಟವೂ ಒಂದು. ವಿಡಿಯೊ ಮಾಡಿದವರಿಗೆ ಮಾತ್ರ, ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೊದಲ್ಲಿ, ಆ ಸಂಖ್ಯೆ ಈಗಲೂ ಕಾಣುತ್ತದೆ. ನೋಡಲೇಬೇಕು ಅಂತೇನಿಲ್ಲ.

ಇಲ್ಲಿಯವರೆಗೆ ಬೈಯುವವರನ್ನೇ ಬೈದಂತಾಯಿತು. ಈಗ ಇನ್ನೊಂದು ಕಡೆಗೆ ಬರುತ್ತೇನೆ, ಇದು ನಿಮಗೆ ಅಷ್ಟು ಹಿಡಿಸಲಿಕ್ಕಿಲ್ಲ. ಒರಟಾದ ಕಾಮೆಂಟುಗಳಲ್ಲಿ ಕೆಲವು ಸರಿ ಇರುತ್ತವೆ.

ನಮ್ಮ ಕಡೆಯ ಹುಡುಗನೊಬ್ಬ ಮಳೆಗಾಲದಲ್ಲಿ ಕಳಲೆ ಪಲ್ಯದ ವಿಡಿಯೊ ಹಾಕಿದ್ದ. ಬಿದಿರು ಮೆಳೆಯಿಂದ ಕಡಿದು ತಂದು, ಸಿಪ್ಪೆ ಬಿಡಿಸಿ, ಹೆಚ್ಚಿ, ಅವತ್ತೇ ಒಗ್ಗರಣೆಗೆ. ಕೆಳಗೆ ಒಬ್ಬರು, ‘ಯಾರನ್ನ ಸಾಯಿಸ್ಬೇಕು ಅಂತ ಇದ್ದೀಯೋ ಬೇಕೂಫ, ನಿಮ್ಮಜ್ಜಿ ಹೇಳ್ಕೊಡ್ಲಿಲ್ವಾ’ ಅಂತ ಬರೆದಿದ್ದರು. ಹುಡುಗ ಅದನ್ನು ತಕ್ಷಣ ಅಳಿಸಿದ. ಅವನಿಗೆ ಬಂದಿದ್ದ ಕಾಮೆಂಟುಗಳಲ್ಲಿ ಉಳಿಸಿಕೊಳ್ಳಬೇಕಾಗಿದ್ದದ್ದು ಅದೊಂದೇ! ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಅಂತ ಒಂದು ವಸ್ತು ಇರುತ್ತದೆ, ಅದು ಒಡೆದಾಗ ಸಯನೈಡ್ ಬಿಡುತ್ತದೆ. ನಮ್ಮ ಹಳಬರು ಹೆಚ್ಚಿದ ಕಳಲೆಯನ್ನು ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಬೇಯಿಸಿ ಬಸಿದು ಆಮೇಲೆ ಪಲ್ಯ ಮಾಡುತ್ತಿದ್ದದ್ದು ಸುಮ್ಮನೆ ಶಾಸ್ತ್ರಕ್ಕಲ್ಲ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದು ಗೊತ್ತು. ಬೆಂಗಳೂರಿನಲ್ಲಿ ಮಾರ್ಕೆಟ್ಟಿನಿಂದ ತಂದು ನೋಡಿಕೊಂಡು ಮಾಡುವವರಿಗೆ ಹೇಗೆ ಗೊತ್ತಾಗಬೇಕು? ‘ಬೇಕೂಫ’ ಅನ್ನುವುದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಓದುವ ಅಭ್ಯಾಸ ಬೇಕು. ಅವನಿಗೆ ಫೋನ್ ಮಾಡಿ ಹೇಳಿದೆವು. ವಿಡಿಯೊ ತೆಗೆದು, ನೀರು ಬದಲಿಸುವುದನ್ನೂ ಸೇರಿಸಿ ಮತ್ತೆ ಹಾಕಿದ. ಮೊದಲಿನಷ್ಟು ಓಡಲಿಲ್ಲ, ಅದು ಬೇರೆ ಮಾತು.

ಇನ್ನೊಂದು ಜಾತಿಯ ಸಿಟ್ಟು ನಮ್ಮ ಜಿಲ್ಲೆಗೇ ವಿಶೇಷ. ವೀಕೆಂಡ್ ಬಂತೆಂದರೆ ಬೆಟ್ಟ ಹತ್ತುವ ದಾರಿಯ ಕೈಮರದ ಹತ್ತಿರ ಕಾರಿನ ಸಾಲು ನೀವೆಲ್ಲ ನೋಡಿದ್ದೀರಿ. ಮುಳ್ಳಯ್ಯನಗಿರಿ ಹೋಗಲಿ, ಎಲ್ಲರಿಗೂ ಗೊತ್ತಿರುವ ಜಾಗ. ಯಾರದೋ ತೋಟದ ಮೂಲೆಯಲ್ಲಿರುವ ಸಣ್ಣ ಅಬ್ಬಿಯನ್ನು ‘ಹಿಡನ್ ಫಾಲ್ಸ್’ ಅಂತ ಡ್ರೋನಿನಲ್ಲಿ ತೆಗೆದು, ಲೊಕೇಶನ್ ಸಮೇತ ರೀಲ್ ಹಾಕುತ್ತೀರಿ. ಮುಂದಿನ ಭಾನುವಾರವೇ ಅಲ್ಲಿ ಹತ್ತು ಬೈಕು. ಬೇಲಿ ಮುರಿಯುತ್ತದೆ, ಗದ್ದೆಗೆ ಬಾಟಲಿ ಬೀಳುತ್ತದೆ. ಅಂಥದೊಂದು ರೀಲಿನ ಕೆಳಗೆ, ‘ನಿನ್ನ ವ್ಯೂಸ್‌ಗೆ ಬೆಂಕಿ ಬೀಳ, ನಾಟಿ ಮಾಡೋಕೆ ಇಳಿದ್ರೆ ಕಾಲಿಗೆ ಗಾಜು’ ಅಂತ ಒಬ್ಬರು ಬರೆದಿದ್ದರು. ಮಾಡಿದವನು ಉತ್ತರ ಕೊಟ್ಟಿದ್ದ: ‘ಹೊಟ್ಟೆಕಿಚ್ಚು ಬಿಡಿ ಅಂಕಲ್.’

ಇದು ಹೊಟ್ಟೆಕಿಚ್ಚಲ್ಲ ಮಾರಾಯ, ಇದು ದೂರು. ಭಾಷೆ ಕೆಟ್ಟದಾಗಿದೆ ಅಂತ ದೂರು ಸುಳ್ಳಾಗುವುದಿಲ್ಲ. ಇಂಥವರಿಗೆ ಕಾಮೆಂಟಿನಲ್ಲಿ ಉತ್ತರ ಕೊಡುತ್ತಾ ಕೂರಬಾರದು, ಲೊಕೇಶನ್ ತೆಗೆಯಬೇಕು, ಸಾಧ್ಯವಾದರೆ ಅವರ ಮನೆಗೇ ಹೋಗಿ ಬರಬೇಕು. ದೂರ ಎಷ್ಟು? ಅರ್ಧ ಗಂಟೆ. ಅಪರಿಚಿತರೇ ತುಂಬಿರುವ ದೊಡ್ಡ ಊರಲ್ಲಿ ಈ ಅನುಕೂಲ ಇಲ್ಲ, ನಮಗೆ ಇದೆ. ನಕಾರಾತ್ಮಕ ಕಾಮೆಂಟು ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವವರ ಮೇಲೆ ನನಗೆ ನಿಜವಾಗಿ ಬೇಸರವಿದೆ. ‘ಹೇಟರ್ಸ್’ ಅನ್ನುವ ಪಟ್ಟ ಕಟ್ಟಿಬಿಟ್ಟರೆ ಯಾರ ಮಾತನ್ನೂ ಕೇಳಬೇಕಿಲ್ಲವಲ್ಲ.

ಕಾಡುವ ಬೇರೆ ಸಣ್ಣಪುಟ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಮೊದಲು ಕನ್ನಡ ಸರಿಯಾಗಿ ಮಾತಾಡಿ’ ಅಂತ ಬರುತ್ತದೆ. ಕಡೂರಿನವರು ಕೊಪ್ಪದವರಿಗೆ ಹೇಳುತ್ತಾರೆ, ಕೊಪ್ಪದವರು ಕಡೂರಿನವರಿಗೆ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಮಾತಾಡಿ. ಇನ್ನು ‘ಮೇಡಂ, ನಿಮ್ಮ ಮನೆದೇವರು ಯಾವುದು?’ ಅಂತ ಬಹಳ ಮರ್ಯಾದೆಯಿಂದ ಕೇಳುವವರು. ಏನು ತಿಳಿದುಕೊಳ್ಳಲು ಕೇಳುತ್ತಿದ್ದಾರೆ ಅಂತ ಇಲ್ಲಿ ಕೂತ ಎಲ್ಲರಿಗೂ ಗೊತ್ತು. ನಾನು ಉತ್ತರ ಕೊಡುವುದಿಲ್ಲ, ಕೊಟ್ಟರೆ ಅದರ ಕೆಳಗೆ ಬೇರೆಯೇ ಜಗಳ ಶುರುವಾಗುತ್ತದೆ. ಮತ್ತೆ ‘ಚಿಕ್ಕಮಂಗಳೂರು’ ಅಂತ ತಪ್ಪು ಹೇಳಿದವರ ವಿಡಿಯೊ ಕೆಳಗೆ ನಮ್ಮವರೆಲ್ಲ ಓಡಿ ಹೋಗಿ ತಿದ್ದುತ್ತೇವಲ್ಲ, ಕಾಮೆಂಟು ಬೀಳಲಿ ಅಂತ ಬೇಕೆಂದೇ ಹಾಗೆ ಹೇಳುವವರೂ ಇದ್ದಾರೆ ಅಂತ ನನಗೊಂದು ಗುಮಾನಿ.

ಉತ್ತರ ಯಾವಾಗ ಕೊಡಬೇಕು? ನಿಮ್ಮ ಉತ್ತರದಲ್ಲಿ ಒಂದು ಮಾಹಿತಿ ಇದ್ದರೆ ಕೊಡಿ. ಅಳತೆ, ಬೆಲೆ, ಹೆಸರು, ದಿನ. ಮಾಹಿತಿ ಇಲ್ಲದೆ ಬರೀ ಮಾತಿಗೆ ಮಾತು ಆಗುತ್ತದೆ ಅನ್ನಿಸಿದರೆ ಬೇಡ. ಇನ್ನೊಂದು, ಲೈಕು ರಿಪ್ಲೈಗಳು ಹೆಚ್ಚಾದಷ್ಟೂ ಒಂದು ಕಾಮೆಂಟು ಮೇಲಕ್ಕೆ ಏರುತ್ತದೆ. ಯಾರೂ ನೋಡದೆ ಅಡಿಯಲ್ಲಿ ಬಿದ್ದಿದ್ದ ಬೈಗುಳವನ್ನು ನೀವೇ ನಿಮ್ಮ ಉತ್ತರದಿಂದ ಎತ್ತಿ ಬಾಗಿಲಲ್ಲಿ ಕೂರಿಸುತ್ತೀರಿ.

ಆಷಾಢದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು ಹೋದರೆ ಮೂರ್ನಾಲ್ಕು ದಿನ ಬರುವುದಿಲ್ಲ, ಟವರೂ ಸತ್ತಿರುತ್ತದೆ. ಮಳೆ ಹೊಳವಾಗಿ ನೆಟ್‌ವರ್ಕ್ ಬಂದ ಮೇಲೆ ನೋಡಿದರೆ ನನ್ನ ಪರವಾಗಿ ಯಾರೋ ಉತ್ತರ ಕೊಟ್ಟಿರುತ್ತಾರೆ, ಬೈದವನೂ ಬೇರೆ ಎಲ್ಲಿಗೋ ಹೋಗಿರುತ್ತಾನೆ. ಕರೆಂಟ್ ಇರುವ ದಿನಗಳಲ್ಲಿ ಅಷ್ಟು ತಾಳ್ಮೆ ಎಲ್ಲಿಂದ ತರುವುದು ಅನ್ನುವುದೇ ಪ್ರಶ್ನೆ. ಹಾಸಿಗೆಯಲ್ಲಿ ಮಲಗಿ ಓದುವುದನ್ನಂತೂ ಬಿಟ್ಟಿದ್ದೇನೆ. ಬೆಳಗ್ಗೆ ತಿಂಡಿ ಆದ ಮೇಲೆ, ಲ್ಯಾಪ್‌ಟಾಪಿನಲ್ಲಿ, ಕೂತು. ಓದಲು ಧೈರ್ಯ ಇಲ್ಲದ ದಿನ ನನ್ನ ತಂಗಿ ಓದುತ್ತಾಳೆ, ನನಗೆ ಬೇಕಾದ್ದನ್ನು ಮಾತ್ರ ಹೇಳುತ್ತಾಳೆ.

ಈಗ ಕೈಯಲ್ಲಿರುವ ಆಯುಧಗಳು. ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಕಮ್ಯುನಿಟಿ ಅಂತ ಇದೆ. ಅಲ್ಲಿ ‘ಬ್ಲಾಕ್ಡ್ ವರ್ಡ್ಸ್’ ಅನ್ನುವ ಜಾಗದಲ್ಲಿ ನೀವು ಬರೆದಿಟ್ಟ ಪದ ಇರುವ ಕಾಮೆಂಟು ತಾನಾಗಿ ಪ್ರಕಟವಾಗುವುದಿಲ್ಲ, ನಿಮ್ಮ ಒಪ್ಪಿಗೆಗೆ ಕಾಯುತ್ತದೆ. ಇನ್‌ಸ್ಟಾಗ್ರಾಂನಲ್ಲಿ ‘ಹಿಡನ್ ವರ್ಡ್ಸ್’ ಅಂತ ಇದೆ. ಕಂಪನಿಯ ಸ್ವಂತ ಫಿಲ್ಟರ್ ಇಂಗ್ಲಿಷ್ ಬೈಗುಳವನ್ನು ಹಿಡಿದಷ್ಟು ಚೆನ್ನಾಗಿ ನಮ್ಮ ಬೈಗುಳವನ್ನು ಹಿಡಿಯುವುದಿಲ್ಲ. ಅದರಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೈಗುಳವನ್ನು. ಒಂದೇ ಪದವನ್ನು ಒಬ್ಬ ಒಂದು ‘ಎ’ ಹಾಕಿ ಬರೆಯುತ್ತಾನೆ, ಇನ್ನೊಬ್ಬ ಎರಡು ಹಾಕುತ್ತಾನೆ, ಮತ್ತೊಬ್ಬ ನಡುವೆ ಚುಕ್ಕಿ ಇಡುತ್ತಾನೆ. ಅಷ್ಟನ್ನೂ ನೀವೇ ಕೂತು ತುಂಬಬೇಕು, ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ. ಮುಜುಗರದ ಕೆಲಸ, ಆದರೆ ಗೆಳೆಯರು ನಾಲ್ಕು ಜನ ಸೇರಿದರೆ ಪಟ್ಟಿ ಬಲು ಬೇಗ ಬೆಳೆಯುತ್ತದೆ! ಒಂದು ಎಚ್ಚರ ಇರಲಿ. ಗೆಳತಿಯೊಬ್ಬಳು ‘ಹಂದಿ’ ಅನ್ನುವುದನ್ನು ಪಟ್ಟಿಗೆ ಸೇರಿಸಿದ್ದಳು. ಆಮೇಲೆ ಕಾಡುಹಂದಿ ಗದ್ದೆಗೆ ನುಗ್ಗಿದ್ದರ ವಿಡಿಯೊ ಹಾಕಿದಾಗ, ರೈತರು ಬರೆದ ಒಳ್ಳೊಳ್ಳೆಯ ಉಪಾಯಗಳೆಲ್ಲ ಒಳಗೇ ಸಿಕ್ಕಿಹಾಕಿಕೊಂಡಿದ್ದವು.

ಪದೇ ಪದೇ ಬಂದು ಕೆಣಕುವವರನ್ನು ಯೂಟ್ಯೂಬಿನಲ್ಲಿ ಚಾನೆಲ್ಲಿನಿಂದ ‘ಹೈಡ್’ ಮಾಡಬಹುದು. ಇನ್‌ಸ್ಟಾಗ್ರಾಂ 2019ರಲ್ಲಿ ‘ರಿಸ್ಟ್ರಿಕ್ಟ್’ ಅಂತ ತಂದಿತು. ಬ್ಲಾಕ್ ಮಾಡಿದರೆ ಎದುರಿನವರಿಗೆ ಗೊತ್ತಾಗಿಬಿಡುತ್ತದೆ, ಸಂಬಂಧಿಕರಾಗಿದ್ದರೆ ಅದೇ ಒಂದು ರಾದ್ಧಾಂತ. ರಿಸ್ಟ್ರಿಕ್ಟ್ ಮಾಡಿದರೆ ಅವರು ಬರೆದದ್ದು ಅವರಿಗೆ ಕಾಣುತ್ತಲೇ ಇರುತ್ತದೆ, ನೀವು ಒಪ್ಪುವವರೆಗೆ ಬೇರೆಯವರಿಗೆ ಕಾಣುವುದಿಲ್ಲ. ನೀವು ಅವರ ಮೆಸೇಜ್ ಓದಿದಿರೋ ಇಲ್ಲವೋ ಅನ್ನುವುದೂ ಅವರಿಗೆ ತಿಳಿಯುವುದಿಲ್ಲ. ನಮ್ಮಂಥ ಊರುಗಳಿಗೇ ಮಾಡಿದಂತಿದೆ.

ಕಾನೂನಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದರಲ್ಲಿ ಗೊಂದಲ ಜಾಸ್ತಿ. ‘66ಎ ಹಾಕಿಸ್ತೀನಿ’ ಅಂತ ಈಗಲೂ ಹೆದರಿಸುವವರಿದ್ದಾರೆ. ಐಟಿ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ರದ್ದು ಮಾಡಿದೆ. ಕಿರಿಕಿರಿ ಆಯಿತು, ಬೇಸರ ಆಯಿತು ಅನ್ನುವುದಕ್ಕೆ ಯಾರನ್ನೂ ಹಿಡಿದು ಒಳಗೆ ಹಾಕಲಾಗುವುದಿಲ್ಲ, ಹಾಕಬಾರದು ಕೂಡ. ಆ ಸೆಕ್ಷನ್ ಇದ್ದಾಗ ಅದು ನಮ್ಮಂಥ ಬರೆಯುವ, ಮಾತಾಡುವ ಜನರ ಮೇಲೇ ಬೀಳುತ್ತಿತ್ತು ಅನ್ನುವುದನ್ನು ಮರೆಯಬಾರದು.

ಆದರೆ ಬೆದರಿಕೆ ಬೇರೆ. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ‘ಮನೆಗೆ ಬಂದು ನೋಡ್ಕೋತೀನಿ’ ಎಂಬಂಥ ಬೆದರಿಕೆಗೆ ಅದರ 351ನೇ ಸೆಕ್ಷನ್ ಇದೆ. ಹೆಣ್ಣುಮಗಳು ಬೇಡವೆಂದರೂ ಬೆನ್ನು ಬೀಳುವುದು, ಅವಳು ಇಂಟರ್ನೆಟ್ಟಿನಲ್ಲಿ ಏನು ಮಾಡುತ್ತಾಳೆ ಅಂತ ಕಾಯುವುದು 78ನೇ ಸೆಕ್ಷನ್ನಿಗೆ ಬರುತ್ತದೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79. ಅಶ್ಲೀಲವಾದದ್ದನ್ನು ಹಾಕಿದರೆ ಐಟಿ ಕಾಯ್ದೆಯ 67. ಇಂಥದ್ದು ಬಂದಾಗ ಸಿಟ್ಟಿನಲ್ಲಿ ಮೊದಲು ಅಳಿಸಿಬಿಡುತ್ತೀರಲ್ಲ, ಹಾಗೆ ಮಾಡಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ಸಮಯ, ಬರೆದವರ ಹೆಸರು ಕಾಣಬೇಕು. ಕಾಮೆಂಟಿನ ಲಿಂಕು, ಅವರ ಪ್ರೊಫೈಲಿನ ಲಿಂಕು ಎರಡನ್ನೂ ಬರೆದಿಟ್ಟುಕೊಳ್ಳಿ, ಹೆಸರನ್ನು ನಾಳೆ ಬದಲಾಯಿಸಬಹುದು, ಲಿಂಕು ಹಿಡಿಯಲು ಸುಲಭ. ಆಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್. ನಮ್ಮ ಜಿಲ್ಲೆಯಲ್ಲೂ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ, ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್ಲಿನಲ್ಲೂ ದೂರು ಕೊಡಬಹುದು. 1930 ನಂಬರು ಮುಖ್ಯವಾಗಿ ದುಡ್ಡಿನ ಮೋಸಕ್ಕೆ. ಈಗಲೇ ಯಾರೋ ಮನೆ ಮುಂದೆ ಬಂದು ನಿಂತಿದ್ದಾರೆ ಅಂದರೆ 112. ಠಾಣೆಗೆ ಒಬ್ಬರೇ ಹೋಗಬೇಡಿ, ಅಲ್ಲಿ ‘ವಿಡಿಯೊ ಯಾಕಮ್ಮ ಹಾಕ್ಬೇಕಿತ್ತು’ ಅಂತ ಕೇಳುವವರು ಸಿಕ್ಕಿಯಾರು. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಆ ಪ್ರಶ್ನೆಯ ದನಿ ಕಡಿಮೆಯಾಗುತ್ತದೆ.

ಕಂಪನಿಗೆ ಮಾಡಿದ ರಿಪೋರ್ಟಿಗೆ ಬೆಲೆ ಸಿಗಲಿಲ್ಲವಾದರೆ ಅಲ್ಲಿಗೇ ಬಿಡಬೇಕಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ದೊಡ್ಡ ಕಂಪನಿಗಳೆಲ್ಲ ಭಾರತದಲ್ಲೇ ಇರುವ ಒಬ್ಬ ದೂರು ಅಧಿಕಾರಿಯನ್ನು ಇಟ್ಟಿರಬೇಕು. ಅವರ ತೀರ್ಮಾನ ಸರಿ ಕಾಣದಿದ್ದರೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಬರೆಯಬಹುದು.

ನಿದ್ದೆ ಹೋಗಿದೆ, ಊಟ ಸೇರುತ್ತಿಲ್ಲ, ಕ್ಯಾಮೆರಾ ಮುಟ್ಟಿದರೆ ಕೈ ನಡುಗುತ್ತದೆ, ಹೀಗೆ ಕೆಲವು ದಿನ ನಡೆದರೆ ಅದು ಕಾಮೆಂಟಿನ ಮಾತಾಗಿ ಉಳಿದಿಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ದಿನದ ಯಾವ ಹೊತ್ತಿಗಾದರೂ ಮಾಡಬಹುದು. ಊರಿನ ಡಾಕ್ಟರ ಹತ್ತಿರ ಹೋದರೆ ಯಾರು ನೋಡುತ್ತಾರೋ ಅನ್ನುವ ಅಳುಕು ಇರುವವರಿಗೆ ಫೋನು ಸುಲಭ.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ತರೀಕೆರೆಯಿಂದ ಬಂದಿದ್ದ ಹುಡುಗನೊಬ್ಬ ಕೇಳಿದ: ‘ಮೇಡಂ, ಡಿಲೀಟ್ ಮಾಡಿದ್ರೆ ಹೆದರ್ಕೊಂಡ ಅಂತಾರೆ. ಇಟ್ರೆ ಎಲ್ರೂ ಓದ್ತಾರೆ. ಏನ್ ಮಾಡೋದು?’

ಹೆದರಿದ ಅಂತ ಅಂದರೆ ಅನ್ನಲಿ ಬಿಡಪ್ಪ. ಬಂದವರೆಲ್ಲ ಉಗುಳಿ ಹೋಗಲಿ ಅಂತ ಜಗಲಿ ಬಿಟ್ಟುಕೊಡುವ ಕಾನೂನು ಎಲ್ಲೂ ಇಲ್ಲ. ಆದರೆ ಒಂದು ವ್ಯತ್ಯಾಸ ಇಟ್ಟುಕೋ. ನಿನ್ನ ವಿಡಿಯೊವನ್ನು ಬೈದದ್ದನ್ನು ಉಳಿಸು, ನಿನ್ನ ಅಮ್ಮನನ್ನು ಬೈದದ್ದನ್ನು ತೆಗೆ. ‘ಆಡಿಯೊ ಕೇಳ್ಸಲ್ಲ, ಬೋರು, ಸುಮ್ನೆ ಎಳ್ದಿದ್ದೀಯ’ ಇವೆಲ್ಲ ಇರಲಿ. ಎಲ್ಲ ಹೊಗಳಿಕೆಯೇ ಇರುವ ಕಾಮೆಂಟ್ ಬಾಕ್ಸನ್ನು ಯಾರೂ ನಂಬುವುದಿಲ್ಲ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. ಮಗಳಿಗೆ ಆರು ವರ್ಷ, ಭರತನಾಟ್ಯ ಕಲಿಯುತ್ತಾಳೆ, ವಿಡಿಯೊ ಹಾಕಿದರೆ ಜನ ಇಷ್ಟಪಡುತ್ತಾರೆ, ಆದರೆ ಒಂದೆರಡು ಕಾಮೆಂಟು ಓದಿ ಮೈ ಉರಿಯಿತು ಅಂದರು.

ಆ ವಿಡಿಯೊಗಳಿಗೆ ಕಾಮೆಂಟು ಪೂರ್ತಿ ಮುಚ್ಚಿಬಿಡಿ ಅಕ್ಕ, ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಯೂಟ್ಯೂಬೇ 2019ರಲ್ಲಿ ಮಕ್ಕಳು ಕಾಣಿಸುವ ಎಷ್ಟೋ ವಿಡಿಯೊಗಳ ಕಾಮೆಂಟು ಮುಚ್ಚಿತು, ಅಲ್ಲಿ ಬರುತ್ತಿದ್ದ ಮಾತು ಅಂಥವಿದ್ದವು. ನಿಮ್ಮದು ಮುಚ್ಚಿಲ್ಲವಾದರೆ ನೀವೇ ಮುಚ್ಚಬಹುದು. ಸ್ಟುಡಿಯೊದಲ್ಲಿ ಆ ವಿಡಿಯೊ ತೆರೆದು, ‘ಶೋ ಮೋರ್’ ಒತ್ತಿ, ಕೆಳಗೆ ಕಾಮೆಂಟ್ಸ್ ಅಂತ ಇರುವಲ್ಲಿ ‘ಆಫ್’ ಮಾಡಿ. ಶಾಲೆಯ ಯೂನಿಫಾರ್ಮು, ಮನೆಯ ಗೇಟು, ಸ್ಕೂಲ್ ವ್ಯಾನಿನ ನಂಬರು ಕಾಣುವ ವಿಡಿಯೊ ಇದ್ದರೆ ತೆಗೆದೇಬಿಡಿ. ಮೈ ಉರಿಸಿದ ಆ ಎರಡು ಕಾಮೆಂಟು ಇನ್ನೂ ಇವೆಯಾ? ಹಾಗಾದರೆ ಮುಚ್ಚುವ ಮೊದಲು ಅವುಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳೋಣ. ಫೋನ್ ತಂದಿದ್ದೀರಲ್ಲ, ಬನ್ನಿ, ಇಲ್ಲೇ ಕೂತು ಮಾಡೋಣ.